ಮಣ್ಣು ಏನನ್ನು ಜೀರ್ಣಿಸೀತು?

ಕಲಬುರಗಿ ನಗರಕ್ಕೆ ಹತ್ತಿದಂತಿರುವ ಶರಣಸಿರಸಗಿಗೆ ಈಚೆಗೆ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಆ ಮನೆಯ ಹಿರಿಯರು ನನ್ನನ್ನು ಹೊಲದ ಕೊಟ್ಟಿಗೆಗೆ ಕರೆದೊಯ್ದರು. ಮೂಲೆಯಲ್ಲಿ ಗೋಣಿತಟ್ಟು ಹೊದಿಸಿದ್ದ ಮೂರು ಡಬ್ಬಿಗಳಿದ್ದವು. ಎರಡರ ಚೀಟಿ ಅಳಿಸಿಹೋಗಿತ್ತು. ಮೂರನೆಯದರ ಮೇಲೆ ‘ಎಂಡೋಸಲ್ಫಾನ್’ ಎಂಬ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ತೀರಿಹೋದ ಅಣ್ಣ ತೊಗರಿಗೆ ಹೊಡೆಯಲೆಂದು ತಂದಿಟ್ಟುದಂತೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಔಷಧವನ್ನು ನಿಷೇಧಿಸಿತು. ಡಬ್ಬಿ ಮಾತ್ರ ಅಲ್ಲೇ ಉಳಿಯಿತು. ಕೆಳಗಿನ ಅಂಚಿನಲ್ಲಿ ತುಕ್ಕು ಹಿಡಿದು, ಸೋರುವ ಲಕ್ಷಣ ಕಾಣಿಸಿಕೊಂಡಿತ್ತು. ಕೊಟ್ಟಿಗೆಗೆ ಇಪ್ಪತ್ತು ಮಾರು ದೂರದಲ್ಲಿ ಮನೆಮಂದಿ ಕುಡಿಯುವ ಬಾವಿ.

“ಮಾಸ್ತರ, ಮಣ್ಣಾಗಿನ ಕ್ರಿಮಿ ಎಂಥಾ ವಿಷಾನೂ ತಿಂತಾವಂತ ಎಲ್ಲೋ ಓದ್ಯಾನಂತ ನಮ್ಮ ಮೊಮ್ಮಗ. ಹಂಗಂದಮ್ಯಾಲ ಈ ಡಬ್ಬಿ ಹೊಲದಾಗ ಹುಗದಬಿಟ್ರ ನಡೀತದೇನ್ರಿ?” ಎಂದು ಅವರು ಕೇಳಿದರು.

“ಬ್ಯಾಡ್ರಿ ಕಾಕಾ” ಎಂದು ತಟ್ಟನೆ ಹೇಳಿಬಿಟ್ಟೆ. “ಯಾಕ ಬ್ಯಾಡ?” ಎಂದಾಗ ಎರಡು ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲ. ಮೊಮ್ಮಗ ಓದಿದ್ದು ಸುಳ್ಳಲ್ಲ. ಅಜ್ಜ ಅದರಿಂದ ಮಾಡಿಕೊಂಡ ಅರ್ಥ ಮಾತ್ರ ಅಪಾಯದ್ದು. ಇವೆರಡರ ನಡುವೆ ಇರುವ ಅಂತರವೆಷ್ಟು ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಕ್ರಿಮಿ ಎಂದೊಡನೆ ನಮಗೆ ನೆನಪಾಗುವುದು ರೋಗ. ಕಾಲರಾ, ಕ್ಷಯ, ವಿಷಮಶೀತಜ್ವರಗಳು ಸೂಕ್ಷ್ಮಜೀವಿಗಳಿಗೆ ಕೆಟ್ಟ ಹೆಸರು ತಂದಿವೆ. ಆದರೆ ರೋಗ ತರುವ ಕುಲ ಕೆಲವೇ. ಉಳಿದ ಅಸಂಖ್ಯ ಕುಲಗಳು ನಮ್ಮ ತಂಟೆಗೆ ಬಾರದೆ ತಮ್ಮ ಹೊಟ್ಟೆಪಾಡು ನೋಡಿಕೊಳ್ಳುತ್ತವೆ. ಫಲವತ್ತಾದ ಹೊಲದ ಒಂದು ಗ್ರಾಂ ಮಣ್ಣಿನಲ್ಲಿ, ಎಂದರೆ ಮೂರು ಬೆರಳ ಚಿಟಿಕೆಯಲ್ಲಿ, ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಬ್ಯಾಕ್ಟೀರಿಯಾಗಳಿರುತ್ತವೆ. ಅವುಗಳ ಜೊತೆಗೆ ಶಿಲೀಂಧ್ರಗಳೂ ಬೇರೆ ಬಗೆಯ ಸೂಕ್ಷ್ಮಜೀವಿಗಳೂ ಉಂಟು. ಜೋಳದ ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ಕೂಳೆ ಮರುವರ್ಷಕ್ಕೆ ಎಲ್ಲಿ ಹೋಯಿತು? ಉದುರಿದ ತೊಗರಿ ಎಲೆ ಏನಾಯಿತು? ಸತ್ತ ಹುಳು, ಸೆಗಣಿ, ಒಣಗಿದ ಬೇರು ಇವೆಲ್ಲ ಕಾಣದಂತಾದುದು ಹೇಗೆ? ಇವನ್ನೆಲ್ಲ ತಿಂದು, ಗಾಳಿಗೆ ಸೇರಬೇಕಾದುದನ್ನು ಗಾಳಿಗೂ ಬೆಳೆಗೆ ಸೇರಬೇಕಾದುದನ್ನು ಮಣ್ಣಿಗೂ ಒಪ್ಪಿಸುವ ಕೆಲಸ ಈ ಜೀವಿಗಳದು. ಅವು ಒಂದು ವರ್ಷ ಕೆಲಸ ನಿಲ್ಲಿಸಿದರೆ ನಮ್ಮ ಕಸದಲ್ಲಿ ನಾವೇ ಹೂತುಹೋಗಬೇಕಾದೀತು.

ಈ ಹೊಟ್ಟೆಪಾಡನ್ನು ತಿಳಿದು, ಬೇಕೆಂದಲ್ಲಿಗೆ ಅದನ್ನು ತಿರುಗಿಸಿಕೊಳ್ಳುವುದೇ ಸೂಕ್ಷ್ಮಜೀವಿಗಳಿಂದ ಮಾಲಿನ್ಯ ಕಳೆಯುವ ವಿದ್ಯೆ. ಇದರ ಒಂದು ಎಳೆ ನಮ್ಮ ಕರ್ನಾಟಕದ ಮೂಲಕವೇ ಹಾದುಹೋಗಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನಗರದ ಚರಂಡಿ ನೀರು ನದಿಗಳನ್ನು ಕೆಡಿಸುತ್ತಿದ್ದ ಕಾಲ. ಅಲ್ಲಿನ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಫೌಲರರು 1912ರಲ್ಲಿ ಅಮೆರಿಕೆಗೆ ಹೋಗಿ, ಚರಂಡಿ ನೀರಿನೊಳಕ್ಕೆ ಗಾಳಿ ಊದುವ ಪ್ರಯೋಗಗಳನ್ನು ಕಂಡು ಬಂದರು. ಅವರ ಸಲಹೆಯಂತೆ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಚರಂಡಿ ನೀರನ್ನು ಬಾಟಲಿಗಳಲ್ಲಿ ತುಂಬಿ ಗಾಳಿ ಊದತೊಡಗಿದರು. ಮೊದಲ ಸಲ ನೀರು ಪೂರ್ತಿ ತಿಳಿಯಾಗಲು ಸುಮಾರು ಐದು ವಾರ ಹಿಡಿಯಿತು. ಅವರು ಮೇಲಿನ ತಿಳಿನೀರನ್ನು ಬಸಿದರು. ತಳಕ್ಕೆ ಇಳಿದ ಕಂದು ಕೆಸರನ್ನು ಚೆಲ್ಲಲಿಲ್ಲ. ಅದರ ಮೇಲೆಯೇ ಹೊಸ ಚರಂಡಿ ನೀರು ಸುರಿದು ಮತ್ತೆ ಗಾಳಿ ಊದಿದರು. ಹೀಗೆ ಮಾಡುತ್ತ ಹೋದಂತೆ ವಾರಗಳ ಕೆಲಸ ಒಂದು ದಿನದೊಳಗೆ ಮುಗಿಯುವಂತಾಯಿತು. 1914ರಲ್ಲಿ ಅವರು ಇದನ್ನು ಪ್ರಕಟಿಸಿದರು.

ನಮ್ಮ ಹೆಣ್ಣುಮಕ್ಕಳಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ. ನಿನ್ನೆಯ ಮೊಸರಿನಲ್ಲಿ ಒಂದು ಚಮಚೆ ಉಳಿಸಿ ಇಂದಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೆ? ಆ ಕೆಸರೇ ಹೆಪ್ಪು. ಅದು ಚರಂಡಿ ನೀರನ್ನು ಉಂಡು ಬೆಳೆದ, ಆ ಊಟಕ್ಕೆ ಪಳಗಿದ ಸೂಕ್ಷ್ಮಜೀವಿಗಳ ಮುದ್ದೆ. ಇಂದು ಜಗತ್ತಿನ ದೊಡ್ಡ ನಗರಗಳ ಕೊಳಚೆ ನೀರನ್ನು ಶುದ್ಧಿಮಾಡುವ ಬಹುಪಾಲು ಘಟಕಗಳು ಈ ಹೆಪ್ಪಿನ ವಿಧಾನದಿಂದಲೇ ನಡೆಯುತ್ತವೆ. ಫೌಲರರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ ಜೀವರಸಾಯನ ಶಾಸ್ತ್ರದ ಅಧ್ಯಯನಕ್ಕೆ ತಳಹದಿ ಹಾಕಿದವರು ಅವರೇ. ಅದೇ ಸಂಸ್ಥೆಯಲ್ಲಿ 1939ರ ಸುಮಾರಿಗೆ ಸಿ. ಎನ್. ಆಚಾರ್ಯರು ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ತಿಂಗಳುಗಟ್ಟಲೆ ಮಾಗಿಸಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಕೃಷಿಯ ಪುಸ್ತಕಗಳಲ್ಲಿ ಅದು ಇಂದಿಗೂ ‘ಬೆಂಗಳೂರು ವಿಧಾನ’ವೆಂದೇ ಪ್ರಸಿದ್ಧ.

ನೀವು ಕೇಳಬಹುದು: ಚರಂಡಿಯ ನೀರು, ಕಸ, ಸೆಗಣಿ ಇವು ಲಕ್ಷಾಂತರ ವರ್ಷಗಳಿಂದ ಇದ್ದವೇ. ಮನುಷ್ಯನು ನಿನ್ನೆ ಮೊನ್ನೆ ಕಾರ್ಖಾನೆಯಲ್ಲಿ ತಯಾರಿಸಿದ, ಪ್ರಕೃತಿ ಎಂದೂ ಕಾಣದ ವಿಷವನ್ನು ಈ ಜೀವಿಗಳು ಹೇಗೆ ತಿಂದಾವು? ಪ್ರಶ್ನೆ ಸರಿಯಾದುದೇ. ಇದಕ್ಕೆ ಒಂದು ಉತ್ತರ ಭತ್ತದ ಗದ್ದೆಯಿಂದ ಬಂದಿತು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಭಾರತದ ಎನ್. ಸೇತುನಾಥನ್ ಅವರೂ ಜಪಾನಿನ ಯೋಶಿದಾ ಅವರೂ ಡಯಾಜಿನಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಹಾಕಿದ ಗದ್ದೆಗಳನ್ನು ಪರೀಕ್ಷಿಸುತ್ತಿದ್ದರು. ಮೊದಲ ಸಲ ಹಾಕಿದ ಔಷಧ ಬಹು ದಿನ ಉಳಿಯುತ್ತಿತ್ತು. ಹಲವು ಸಲ ಹಾಕಿದ ಗದ್ದೆಯಲ್ಲಿ ಅದು ಬೇಗನೆ ಕಾಣೆಯಾಗುತ್ತಿತ್ತು. ಆ ನೀರಿನಿಂದ ಅವರು ಔಷಧವನ್ನು ಒಡೆಯುವ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ 1973ರಲ್ಲಿ ವರದಿ ಮಾಡಿದರು. ಗದ್ದೆಯ ಕೋಟ್ಯಂತರ ಜೀವಿಗಳಲ್ಲಿ ಯಾವುದೋ ಕೆಲವಕ್ಕೆ ಆ ಗಂಟನ್ನು ಬಿಚ್ಚುವ ಕಿಣ್ವ ಇತ್ತು. ಉಳಿದವು ಹಿಂದೆ ಬಿದ್ದಾಗ ಇವು ಅದನ್ನೇ ತಿಂದು ಬೆಳೆದು ಸಂಖ್ಯೆಯಲ್ಲಿ ಮೇಲಾದವು. ಕಿಣ್ವವೆಂದರೆ ಜೀವಕೋಶದೊಳಗಿನ ಪುಟ್ಟ ಹತಾರ. ಒಂದೊಂದು ಹತಾರ ಒಂದೊಂದು ಬಗೆಯ ಗಂಟಿಗೆ ಹೊಂದುತ್ತದೆ. ಹತಾರ ಹೊಂದಿದರೆ ವಿಷವೂ ಊಟವೇ. ಹೊಂದದಿದ್ದರೆ ಆ ಊಟದ ಎದುರು ಜೀವಿ ಉಪವಾಸ ಬೀಳುತ್ತದೆ.

ಇಂಥ ಹುಡುಕಾಟಕ್ಕೆ ಶರಣಸಿರಸಗಿಯವರು ದೂರ ಹೋಗಬೇಕಾಗಿಲ್ಲ. ಅದೇ ನಗರದ ಇನ್ನೊಂದು ಬದಿಗೆ ಗುಲಬರ್ಗಾ ವಿಶ್ವವಿದ್ಯಾಲಯ ಇದೆ. ಅಲ್ಲಿನ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕ ಟಿ. ಬಿ. ಕರೇಗೌಡರ ಅವರೂ ಅವರ ಶಿಷ್ಯರೂ ಈ ವಿಷಯದಲ್ಲಿ ಬಹುಕಾಲ ಕೆಲಸ ಮಾಡಿದ್ದಾರೆ. ಡೈಮೀಥೈಲ್ ಫಾರ್ಮಮೈಡ್ ಎಂಬುದು ಔಷಧ, ಬಣ್ಣ, ಚರ್ಮದ ಕಾರ್ಖಾನೆಗಳಲ್ಲಿ ಬಳಸುವ ಒಂದು ದ್ರಾವಕ. ನೀರಿನಲ್ಲಿ ಬೆರೆತುಹೋಗುವುದರಿಂದ ಅದನ್ನು ಸೋಸಿ ತೆಗೆಯುವುದು ಕಷ್ಟ. ಕಲ್ಲಿದ್ದಲು ಗಣಿಯ ತ್ಯಾಜ್ಯವಿದ್ದ ಮಣ್ಣಿನಿಂದ ಅವರು ಅದನ್ನು ಪೂರ್ತಿಯಾಗಿ ಒಡೆದು ಜೀರ್ಣಿಸಿಕೊಳ್ಳುವ ಓಕ್ರೋಬ್ಯಾಕ್ಟ್ರಮ್ ಕುಲದ ಒಂದು ಜೀವಿಯನ್ನು ಹೆಕ್ಕಿ ತೆಗೆದರು. 2006ರಲ್ಲಿ ಅದರ ವಿವರ ಪ್ರಕಟವಾಯಿತು.

ಅವರದೇ ಇನ್ನೊಂದು ಕೆಲಸ ಪ್ಲಾಸ್ಟಿಕ್ಕಿನ ಮೃದುಕಾರಕಗಳಿಗೆ ಸಂಬಂಧಿಸಿದ ಥಾಲೇಟ್ ಕುರಿತದ್ದು. ಅದನ್ನು ತಿನ್ನುವ ಬ್ಯಾಸಿಲಸ್ ಜೀವಿಗಳನ್ನು ನೀರಿನಲ್ಲಿ ಬಿಡಿಬಿಡಿಯಾಗಿ ಬಿಡುವ ಬದಲು, ಕಡಲಕಳೆಯಿಂದ ದೊರೆಯುವ ಆಲ್ಜಿನೇಟಿನ ಗುಳಿಗೆಗಳಲ್ಲೂ ಸ್ಪಂಜಿನಂಥ ಪಾಲಿಯುರಿಥೇನ್ ತುಣುಕುಗಳಲ್ಲೂ ಸೇರಿಸಿಟ್ಟರು. ಸಾಬುದಾನಿಯಂಥ ಆ ಗುಳಿಗೆಯೊಳಗೆ ನೀರೂ ಊಟವೂ ನುಸುಳುತ್ತವೆ. ಜೀವಿ ಮಾತ್ರ ಕೊಚ್ಚಿಹೋಗುವುದಿಲ್ಲ. ಹೀಗೆ ಮನೆಮಾಡಿಕೊಂಡ ಜೀವಿಗಳು ಹೆಚ್ಚಿನ ವಿಷವನ್ನು ತಾಳಿಕೊಂಡು, ಮತ್ತೆ ಮತ್ತೆ ಕೆಲಸಕ್ಕೆ ಬಂದವು.

ಒಂದೇ ಜೀವಿಯಿಂದ ಆಗದ ಕೆಲಸ ಕೂಟದಿಂದ ಆಗುವುದುಂಟು. ನಮ್ಮ ರೈತರು ಬಿ.ಎಚ್.ಸಿ. ಎಂದು ಕರೆಯುತ್ತಿದ್ದ ಬಿಳಿಪುಡಿ ಹಿರಿಯರಿಗೆ ನೆನಪಿರಬಹುದು. 1997ರಲ್ಲಿ ಅದು ನಿಷೇಧವಾಯಿತು. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಆ ವಿಷದ ಮೇಲೆ ಸೂಕ್ಷ್ಮಜೀವಿಗಳ ಒಂದು ಕೂಟವನ್ನೇ ಪಳಗಿಸಿದರು. ಇಂಥ ಕೂಟದಲ್ಲಿ ಒಂದು ಜೀವಿ ಕಚ್ಚಿ ಬಿಟ್ಟ ಚೂರನ್ನು ಇನ್ನೊಂದು ತಿನ್ನುವುದುಂಟು. ಪಳಗಿಸುವುದೆಂದರೆ ಮೊದಲು ಅತಿ ಕಡಿಮೆ ಪ್ರಮಾಣ, ಆಮೇಲೆ ಸ್ವಲ್ಪ ಹೆಚ್ಚು, ಹೀಗೆ ದಿನಗಟ್ಟಲೆ ವಿಷವನ್ನು ಉಣಿಸುತ್ತ ಹೋಗುವುದು. ಈ ‘ಸ್ವಲ್ಪ ಸ್ವಲ್ಪ’ ಎಂಬ ಮಾತನ್ನು ನೆನಪಿನಲ್ಲಿಡಿ. ಕೊಟ್ಟಿಗೆಯ ಡಬ್ಬಿಗೆ ಬರುವಾಗ ಅದು ಬೇಕಾಗುತ್ತದೆ.

ಹಾಗಾದರೆ ಪ್ರಯೋಗಾಲಯದಲ್ಲಿ ಒಂದು ಭೀಮಬಲದ ಜೀವಿಯನ್ನು ಸೃಷ್ಟಿಸಿ ಕೆಟ್ಟ ಜಾಗದಲ್ಲಿ ಬಿಟ್ಟರೆ ಆಗದೆ? ಇದನ್ನೂ ಒಬ್ಬರು ಪ್ರಯತ್ನಿಸಿದರು. ಬಂಗಾಳದಲ್ಲಿ ಹುಟ್ಟಿ ಅಮೆರಿಕೆಗೆ ಹೋದ ಆನಂದ ಮೋಹನ ಚಕ್ರವರ್ತಿಯವರು 1970ರ ದಶಕದ ಆರಂಭದಲ್ಲಿ ಕಲ್ಲೆಣ್ಣೆಯ ಬೇರೆ ಬೇರೆ ಅಂಶಗಳನ್ನು ಒಡೆಯುವ ಶಕ್ತಿಗಳನ್ನೆಲ್ಲ ಒಂದೇ ಸೂಡೊಮೊನಾಸ್ ಜೀವಿಯಲ್ಲಿ ಕೂಡಿಸಿದರು. ಜೀವಿಗೆ ಹಕ್ಕುಪತ್ರ ಕೊಡಬಹುದೆ ಎಂಬ ವ್ಯಾಜ್ಯ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1980ರಲ್ಲಿ ಐವರು ನ್ಯಾಯಾಧೀಶರು ಅವರ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ತೀರ್ಪಿತ್ತರು. ನ್ಯಾಯಾಲಯದಲ್ಲಿ ಗೆದ್ದ ಆ ಜೀವಿಯನ್ನು ಕಡಲಿಗೆ ಬಿಟ್ಟು ಎಣ್ಣೆ ತೊಳೆದದ್ದು ಮಾತ್ರ ಇಲ್ಲ.

ಎಣ್ಣೆ ತೊಳೆಯುವ ದೊಡ್ಡ ಪರೀಕ್ಷೆ 1989ರ ಮಾರ್ಚಿಯಲ್ಲಿ ಒದಗಿತು. ಅಲಾಸ್ಕದ ತೀರದಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಬಂಡೆಗೆ ತಾಗಿ ಸುಮಾರು ನಾಲ್ಕು ಕೋಟಿ ಲೀಟರಿನಷ್ಟು ಕಲ್ಲೆಣ್ಣೆ ಕಡಲಿಗೆ ಸುರಿಯಿತು. ಅಲ್ಲಿನ ವಿಜ್ಞಾನಿಗಳು ಹಲವು ದಡಗಳಲ್ಲಿ ಕಲ್ಲುಗಳ ಮೇಲೆ ಹಾಕಿದ್ದು ಸಾರಜನಕ, ರಂಜಕಗಳ ಗೊಬ್ಬರ. ಎಣ್ಣೆ ತಿನ್ನುವ ಜೀವಿಗಳು ಆ ದಡದಲ್ಲಿ ಮೊದಲೇ ಇದ್ದವು. ಎಣ್ಣೆಯಿಂದ ಅವಕ್ಕೆ ಅನ್ನ ಸಿಕ್ಕಿತ್ತು, ಜೊತೆಗೆ ಬೇಕಾದ ಉಪ್ಪು-ಸಾರು ಸಿಕ್ಕಿರಲಿಲ್ಲ. ಗೊಬ್ಬರ ಬಿದ್ದಲ್ಲಿ ಕೆಲಸ ಚುರುಕಾಯಿತು. ಆದರೆ ಕಲ್ಲಿನ ಅಡಿಗೆ ಆಳವಾಗಿ ಇಳಿದ ಎಣ್ಣೆ, ಗಾಳಿಯಾಡದ ಕಾರಣ, ದಶಕಗಳು ಕಳೆದರೂ ಅಲ್ಲಲ್ಲಿ ಉಳಿದುಕೊಂಡಿತು. ನಮ್ಮ ದೇಶದಲ್ಲೂ ದೆಹಲಿಯ ಟೆರಿ ಸಂಸ್ಥೆಯವರು ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಬೆರೆಸಿ, ಎಣ್ಣೆ ಶುದ್ಧೀಕರಣ ಕಾರ್ಖಾನೆಗಳ ಎಣ್ಣೆಗೆಸರಿನ ಮೇಲೆ ಬಳಸಿದ್ದಾರೆ. ಅಲ್ಲಿಯೂ ಮಣ್ಣನ್ನು ಆಗಾಗ ಮಗುಚಿ ಗಾಳಿಯಾಡಿಸಬೇಕು, ನೀರು ಚಿಮುಕಿಸಬೇಕು. ಜೀವಿಯೊಂದೇ ಸಾಲದು, ಗಾಳಿ, ತೇವ, ಆಹಾರ, ಕಾಲ ಇವು ನಾಲ್ಕೂ ಕೂಡಿಬರಬೇಕು.

ಇನ್ನು ಈ ಜೀವಿಗಳಿಂದ ಆಗದ ಕೆಲಸಗಳ ವಿಚಾರ. ಮೊದಲನೆಯದು, ಅರ್ಧ ಜೀರ್ಣದ ಅಪಾಯ. ಎಂಡೋಸಲ್ಫಾನನ್ನು ಮಣ್ಣಿನ ಜೀವಿಗಳು ಮುಟ್ಟದೆ ಬಿಡುವುದಿಲ್ಲ. ಕೆಲವು ಅದನ್ನು ವಿಷವಲ್ಲದ ಪದಾರ್ಥವಾಗಿ ಒಡೆಯುತ್ತವೆ. ಆದರೆ ಬಹಳಷ್ಟು ಕಡೆ ಅದು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಈ ಎರಡನೆಯದು ಮೊದಲಿನಷ್ಟೇ ವಿಷಕಾರಿ. ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಮೇಲಿಂದ ನೋಡಿದವರಿಗೆ ‘ಎಂಡೋಸಲ್ಫಾನ್ ಕಡಿಮೆಯಾಯಿತು’ ಎಂದು ಲೆಕ್ಕ ಸಿಗುತ್ತದೆ. ಮಣ್ಣಿನ ಪಾಡು ಹಾಗೆಯೇ ಉಳಿಯುತ್ತದೆ.

ಈ ಔಷಧದ ಕಥೆ ನಮ್ಮ ಕನ್ನಡದ ಮನೆಗಳಲ್ಲೇ ನಡೆದುಹೋಗಿದೆ. ಕಾಸರಗೋಡಿನ ಎಣ್ಮಕಜೆ, ಪಡ್ರೆ ಮುಂತಾದ ಕಡೆ ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು, ಗುಡ್ಡದ ಕೆಳಗೆ ಕನ್ನಡ, ತುಳು, ಮಲಯಾಳ ಮಾತನಾಡುವ ಜನರ ಮನೆಗಳು. 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ತೊರೆಗಳಿಂದ ನೀರು ಕುಡಿಯುತ್ತಿದ್ದ ಮನೆಗಳಲ್ಲಿ ಹುಟ್ಟುಕುರುಡು-ಬುದ್ಧಿಮಾಂದ್ಯದ ಮಕ್ಕಳನ್ನು ಕಂಡು ಊರಿನ ವೈದ್ಯ ವೈ. ಎಸ್. ಮೋಹನಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ದನಿಯೆತ್ತಿದರು. ಕೊನೆಗೆ 2011ರಲ್ಲಿ ದೇಶದಲ್ಲಿ ನಿಷೇಧ ಬಂದಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳೂ ಅದನ್ನು ತೊಡೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ನಿಷೇಧದ ಮೇಲೂ ಉಳಿದ ಔಷಧದ ಪೀಪಾಯಿಗಳು ಗೋದಾಮುಗಳಲ್ಲಿ ಬಿದ್ದಿದ್ದವು. ಅವನ್ನು 2012ರಲ್ಲಿ ಹೊಸ ಪೀಪಾಯಿಗಳಿಗೆ ತುಂಬಿಡಬೇಕಾಯಿತು. ಸರಕಾರಕ್ಕೇ ಇಷ್ಟು ತೊಡಕಾದ ವಸ್ತು ಒಂದು ಗುಂಡಿಯಿಂದ ಮುಗಿದುಹೋಗುವುದೆಂದು ನಾವು ತಿಳಿಯಕೂಡದು.

ಎರಡನೆಯದು, ಒಡೆಯಲಾಗದ ವಿಷಗಳು. ಕೀಟನಾಶಕ, ಎಣ್ಣೆ, ದ್ರಾವಕ ಇವು ಅಣುಗಳನ್ನು ಜೋಡಿಸಿ ಕಟ್ಟಿದವು. ಬಿಚ್ಚಿದರೆ ವಿಷತನ ಹೋದೀತು. ಸೀಸ, ಪಾದರಸ, ಪಾಷಾಣ ಇವು ಮೂಲಧಾತುಗಳು. ಇವನ್ನು ಇನ್ನು ಬಿಚ್ಚುವಂತಿಲ್ಲ. ಒಂದು ಕಾಲಕ್ಕೆ ಗುಲಬರ್ಗಾ ಜಿಲ್ಲೆಯ ಭಾಗವಾಗಿದ್ದು ಈಗ ಯಾದಗಿರಿಗೆ ಸೇರಿರುವ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿಗಳ ನೀರಿನಲ್ಲಿ ಪಾಷಾಣ, ಎಂದರೆ ಆರ್ಸೆನಿಕ್, ಇರುವುದು 2009ರ ಸುಮಾರಿಗೆ ಬೆಳಕಿಗೆ ಬಂದಿತು. ಅಲ್ಲಿನ ಜನರ ಅಂಗೈ ಅಂಗಾಲುಗಳಲ್ಲಿ ಗಂಟುಗಳೂ ಮೈಮೇಲೆ ಕಲೆಗಳೂ ಎದ್ದಿದ್ದವು. ಚಿನ್ನವಿರುವ ಬಂಡೆಗಳ ಸೀಮೆ ಅದು. ಹತ್ತಿರದಲ್ಲೇ ಹಳೆಯ ಚಿನ್ನದ ಗಣಿ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಿ ಆರ್ಸೆನಿಕ್ ಇರಕೂಡದು ಎಂಬುದು ಮಿತಿ. ಅದನ್ನು ತಿಂದು ಇಲ್ಲವಾಗಿಸುವ ಜೀವಿ ಭೂಮಿಯ ಮೇಲಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಆರ್ಸೆನಿಕ್ಕಿನ ಒಂದು ರೂಪವನ್ನು ಇನ್ನೊಂದಕ್ಕೆ ತಿರುಗಿಸಬಲ್ಲವು. ಆ ಎರಡನೆಯ ರೂಪ ಕಬ್ಬಿಣದ ತುಕ್ಕಿಗೆ ಸುಲಭವಾಗಿ ಅಂಟಿಕೊಳ್ಳುವುದರಿಂದ ನೀರಿನಿಂದ ಸೋಸಿ ತೆಗೆಯಲು ಸಹಾಯವಾಗುತ್ತದೆ. ಸೋಸಿದ ವಿಷವನ್ನು ಮತ್ತೆ ಎಲ್ಲಿಯಾದರೂ ಜೋಪಾನವಾಗಿ ಇಡಲೇಬೇಕು. ಇಂಥ ಊರಿಗೆ ಬೇಕಾದದ್ದು ಬೇರೆ ಕಡೆಯಿಂದ ಶುದ್ಧ ನೀರು. ಅದನ್ನು ತರುವ ಹೊಣೆಯನ್ನು ಸೂಕ್ಷ್ಮಜೀವಿಗಳ ಮೇಲೆ ಹಾಕಿ ಕೂರುವಂತಿಲ್ಲ.

ಮೂರನೆಯದು ನಮ್ಮ ಕಡೆಯ ಎರೆಮಣ್ಣಿನದೇ ವಿಶೇಷ. ಬೇಸಗೆಯಲ್ಲಿ ಎರೆಹೊಲ ಹೇಗೆ ಬಿರಿಯುತ್ತದೆಂಬುದನ್ನು ನೀವು ನೋಡಿದ್ದೀರಿ. ಕೈ ತೂರಿಸಿದರೆ ಮೊಣಕೈವರೆಗೆ ಇಳಿಯುತ್ತದೆ. ಜೀವಿಗಳು ದಟ್ಟವಾಗಿರುವುದು ಮೇಲಿನ ಗೇಣಿನಷ್ಟು ಮಣ್ಣಿನಲ್ಲಿ, ಬೇರು ಮತ್ತು ಗೊಬ್ಬರ ಇರುವ ಕಡೆ. ಆಳಕ್ಕೆ ಹೋದಂತೆ ಅವುಗಳ ಸಂಖ್ಯೆಯೂ ಗಾಳಿಯೂ ಕಡಿಮೆ. ಬಿರುಕಿಗೆ ಬಿದ್ದ ವಿಷ ಆ ಮೇಲ್ಪದರಕ್ಕೆ ಸಿಕ್ಕದೆ ನೇರವಾಗಿ ಕೆಳಗಿಳಿಯುತ್ತದೆ. ಅಲ್ಲಿಂದ ಬಾವಿಯ ನೀರಿಗೆ ಹಾದಿ ದೂರವಿಲ್ಲ. ಎರಡು ಅಡಿ ಆಳಕ್ಕೆ ಡಬ್ಬಿ ಹೂಳುವುದೆಂದರೆ ವಿಷವನ್ನು ತಿನ್ನುವವರ ಕೈಗೆ ಸಿಗದಂತೆ ಬಚ್ಚಿಟ್ಟ ಹಾಗೆ. ಮೇಲಾಗಿ, ಸೇರಿನಲ್ಲಿ ಗುಂಜಿಯಷ್ಟು ಇದ್ದಾಗ ತಿನ್ನುವ ಜೀವಿ, ಡಬ್ಬಿಯ ಗಟ್ಟಿ ಔಷಧ ಒಮ್ಮೆಲೇ ಮೈಮೇಲೆ ಬಿದ್ದರೆ ತಾನೇ ಸಾಯುತ್ತದೆ. ‘ಸ್ವಲ್ಪ ಸ್ವಲ್ಪ’ ಎಂಬ ಮಾತನ್ನು ನೆನಪಿಡಿ ಎಂದದ್ದು ಇದಕ್ಕೇ. ಕಾಕಾ ಅವರಿಗೆ ‘ಬ್ಯಾಡ’ ಎಂದ ಕಾರಣ ಇದು.

ಹಾಗಾದರೆ ಏನು ಮಾಡಬೇಕು? ಹಳೆಯ ಡಬ್ಬಿಯನ್ನು ತೆರೆಯಬಾರದು, ಸುಡಬಾರದು, ಹೂಳಬಾರದು, ಹಳ್ಳಕ್ಕೆ ಚೆಲ್ಲಬಾರದು. ಸೋರುವಂತಿದ್ದರೆ ಕೈಗವಸು ಹಾಕಿಕೊಂಡು, ದೊಡ್ಡದೊಂದು ಪ್ಲಾಸ್ಟಿಕ್ ಡ್ರಮ್ಮಿನೊಳಗೆ ನೆಟ್ಟಗೆ ನಿಲ್ಲಿಸಿ, ಮುಚ್ಚಿ, ಮಕ್ಕಳೂ ದನಗಳೂ ಹೋಗದ ಕಡೆ, ಬಾವಿಯಿಂದ ದೂರ ಇಡಬೇಕು. ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ತಿಳಿಸಬೇಕು. ಇಂಥ ಔಷಧ ಅತಿ ಹೆಚ್ಚಿನ ಉಷ್ಣತೆಯ ಕುಲುಮೆಗಳಲ್ಲಿ, ಅದಕ್ಕೆಂದೇ ಪರವಾನಗಿ ಪಡೆದ ಕಡೆಗಳಲ್ಲಿ ನಾಶವಾಗಬೇಕಾದುದು. ಒಬ್ಬಿಬ್ಬರು ಕೇಳಿದರೆ ಯಾರೂ ಬರಲಿಕ್ಕಿಲ್ಲ. ಊರಿನವರೆಲ್ಲ ತಮ್ಮ ತಮ್ಮ ಕೊಟ್ಟಿಗೆಯ ಡಬ್ಬಿಗಳನ್ನು ಎಣಿಸಿ, ಗ್ರಾಮಸಭೆಯಲ್ಲಿ ಪಟ್ಟಿ ಓದಿಸಿದರೆ ಆ ಮಾತಿಗೆ ತೂಕ ಬರುತ್ತದೆ.

ಗಟ್ಟಿ ಔಷಧಕ್ಕೆ ಮಣ್ಣಿನ ಜೀವಿ ಉಪಾಯವಲ್ಲವಾದರೂ, ಪಂಪು ತೊಳೆದ ತೆಳುನೀರಿಗೆ ಅದು ಒಳ್ಳೆಯ ಉಪಾಯ. ಔಷಧ ಹೊಡೆದ ಮೇಲೆ ಪಂಪನ್ನು ಬಾವಿಕಟ್ಟೆಯ ಮೇಲೋ ಹಳ್ಳದಲ್ಲೋ ತೊಳೆಯುವ ರೂಢಿ ನಮ್ಮಲ್ಲಿದೆ. ಸ್ವೀಡನ್ ದೇಶದವರು ಇದೇ ತೊಂದರೆಗೆ 1993ರಲ್ಲಿ ಒಂದು ಸರಳ ಏರ್ಪಾಟು ಮಾಡಿದರು. ಬಯೋಬೆಡ್ ಎಂದು ಅದರ ಹೆಸರು. ಸುಮಾರು ಎರಡು ಅಡಿ ಆಳದ ಗುಂಡಿ ತೋಡಿ ತಳಕ್ಕೆ ಜಿಗುಟು ಮಣ್ಣು ಹಾಸುವುದು. ಅದರ ಮೇಲೆ ಎರಡು ಪಾಲು ಹುಲ್ಲು, ಒಂದು ಪಾಲು ಮೇಲ್ಮಣ್ಣು, ಒಂದು ಪಾಲು ಜೌಗು ನೆಲದ ಕೊಳೆತ ಸೊಪ್ಪುಮಣ್ಣು ಬೆರೆಸಿ ತುಂಬುವುದು. ಮೇಲೆ ಗರಿಕೆ ಬೆಳೆಸುವುದು. ಪಂಪು ತುಂಬುವುದೂ ತೊಳೆಯುವುದೂ ಆ ಹಾಸಿನ ಮೇಲೆಯೇ. ಹುಲ್ಲಿನ ಗಟ್ಟಿ ನಾರನ್ನು ಕೊಳೆಸುವ ಶಿಲೀಂಧ್ರಗಳ ಕಿಣ್ವಗಳು ಬಹಳ ಉದಾರವಾದವು. ನಾರಿನ ಜೊತೆಗೆ ಹಲವು ಕೀಟನಾಶಕಗಳನ್ನೂ ಒಡೆದುಹಾಕುತ್ತವೆ. ಹುಲ್ಲು ಕರಗಿದಂತೆ ವರ್ಷಕ್ಕೊಮ್ಮೆ ಮತ್ತೆ ತುಂಬಬೇಕು.

ನಮ್ಮಲ್ಲಿ ಜೋಳದ ಕಣಿಕೆಯ ಚೂರು, ಚೆನ್ನಾಗಿ ಮಾಗಿದ ತಿಪ್ಪೆಗೊಬ್ಬರ, ಎರೆಮಣ್ಣು ಇವಕ್ಕೆ ಬರವಿಲ್ಲ. ಎರೆ ಒಣಗಿದರೆ ಬಿರಿಯುವುದರಿಂದ ತಳಕ್ಕೆ ದಪ್ಪ ತಾಡಪತ್ರಿ ಹಾಸಿದರೆ ಒಳ್ಳೆಯದು. ಮಳೆಗೆ ತುಂಬಿ ಹರಿಯದಂತೆ ಮೇಲೊಂದು ಚಪ್ಪರವೂ ಬೇಕು. ಎಷ್ಟು ಅಳತೆ, ಯಾವ ಪಾಲು ಎಂಬುದನ್ನು ನಮ್ಮ ಹವೆಗೆ ತಕ್ಕಂತೆ ಗೊತ್ತುಮಾಡಬೇಕಾದವರು ಕೃಷಿ ವಿಜ್ಞಾನ ಕೇಂದ್ರದವರು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು. ಅವರನ್ನು ನೀವು ಕೇಳಿರಿ. ಅದುವರೆಗೆ ಇಷ್ಟಾದರೂ ಮಾಡಬಹುದು: ಡಬ್ಬಿ ಬರಿದಾದೊಡನೆ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು ಅದೇ ಬೆಳೆಗೆ ಹೊಡೆದು ಮುಗಿಸುವುದು, ಡಬ್ಬಿಗೆ ತೂತು ಹಾಕಿ, ಮತ್ತೊಬ್ಬರು ಅದರಲ್ಲಿ ನೀರನ್ನೋ ಎಣ್ಣೆಯನ್ನೋ ತುಂಬದಂತೆ ಮಾಡುವುದು.

ಎಲ್ಲಕ್ಕಿಂತ ಅಗ್ಗದ ಶುದ್ಧೀಕರಣವೆಂದರೆ ವಿಷವನ್ನು ಕಡಿಮೆ ಹಾಕುವುದು. 1997-98ರ ಹಂಗಾಮು ನಿಮ್ಮಲ್ಲಿ ಹಲವರಿಗೆ ಮರೆತಿರಲಾರದು. ತೊಗರಿಗೆ ಬಿದ್ದ ಕಾಯಿಕೊರಕ ಎಷ್ಟು ಎಣ್ಣೆ ಹೊಡೆದರೂ ಸಾಯಲಿಲ್ಲ. ಸಾಲ ಮಾಡಿ ಹೊಡೆದವರ ಮನೆಗಳಲ್ಲಿ ಆಗಬಾರದ್ದು ಆಯಿತು. ಆಗ ಕಲಬುರಗಿಯ ರೈತರೇ ಸಾಲಿನ ನಡುವೆ ಹಾಳೆ ಎಳೆಯುತ್ತ, ಗಿಡ ಹಿಡಿದು ಅಲುಗಾಡಿಸಿ ಹುಳು ಉದುರಿಸಿ, ಕೂಡಿಸಿ ಕೊಂದರು. ಹುಳುವಿಗೇ ರೋಗ ತಂದು ತಲೆಕೆಳಗಾಗಿ ಜೋತುಬೀಳಿಸುವ ಎನ್.ಪಿ.ವಿ. ಎಂಬ ವೈರಾಣುವಿನ ದ್ರಾವಣವೂ ಬಂದಿತು. ಅದು ಆ ಜಾತಿಯ ಹುಳುವನ್ನು ಬಿಟ್ಟು ಮನುಷ್ಯನಿಗಾಗಲಿ ದನಕ್ಕಾಗಲಿ ತಾಕುವುದಿಲ್ಲ. ಸೂಕ್ಷ್ಮಜೀವಿಯ ಸಹಾಯವನ್ನು ವಿಷ ಚೆಲ್ಲಿದ ಮೇಲೆ ಕೇಳುವುದಕ್ಕಿಂತ ಚೆಲ್ಲುವ ಮುಂಚೆ ಕೇಳುವುದು ಜಾಣತನ.

ಕಾಕಾ ಅವರ ಡಬ್ಬಿಗಳನ್ನು ಅಂದೇ ಸಂಜೆ ಮೊಮ್ಮಗನೂ ನಾನೂ ಕೂಡಿ ಒಂದು ಡ್ರಮ್ಮಿನಲ್ಲಿರಿಸಿ, ಬಾವಿಯ ಕಡೆಯಿಂದ ರಸ್ತೆಯ ಬದಿಯ ಕೋಣೆಗೆ ಸಾಗಿಸಿ ಬೀಗ ಹಾಕಿದೆವು. ಅರ್ಜಿಯನ್ನೂ ಆ ಹುಡುಗನೇ ಬರೆದ. ಡಬ್ಬಿಗಳು ಇನ್ನೂ ಅಲ್ಲಿಯೇ ಇವೆ. ಹೊರಡುವಾಗ ಕಾಕಾ, “ಭೂಮಿತಾಯಿ ಎಲ್ಲಾ ನುಂಗತಾಳ ಅಂತ ನಾವು ತಿಳಿದಿದ್ವಿ ನೋಡ್ರಿ” ಎಂದರು. ನುಂಗುವುದಕ್ಕೂ ಜೀರ್ಣಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಭೂಮಿ ನುಂಗಿದ್ದು ಬಾವಿಯ ಕೊಡದಲ್ಲಿ ತಿರುಗಿ ಮೇಲೆ ಬರಬಹುದು. ನಿಮ್ಮ ಮನೆಯ ಕೊಟ್ಟಿಗೆಯ ಮೂಲೆಯಲ್ಲೂ ಇಂಥ ಡಬ್ಬಿ ಇದ್ದರೆ, ಬಾವಿಯಿಂದ ಅದು ಎಷ್ಟು ಮಾರು ದೂರದಲ್ಲಿದೆ ಎಂಬುದನ್ನು ಇಂದೇ ಹೋಗಿ ನೋಡಿರಿ ಎಂದು ಬೇಡಿ, ಈ ಮಾತನ್ನು ಮುಗಿಸುತ್ತೇನೆ.